ಗಾಲ್ಫ್ ಮೈದಾನ ಮತ್ತು ನಮ್ಮ ಹೆಣ್ಣುಮಕ್ಕಳು

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ಗಾಲ್ಫ್ ಆಟದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ರಾಜ್ಯೋತ್ಸವ, ದಸರೆಯ ಗೊಂಬೆ, ಮಕ್ಕಳಿಗೆ ಅಕ್ಷರ ಕಲಿಸುವುದು, ಇವು ನಮಗೆ ಒಗ್ಗಿದ ಕೆಲಸಗಳು. ಗಾಲ್ಫ್ ಎಂದರೆ ದೊಡ್ಡ ಅಧಿಕಾರಿಗಳ, ಉದ್ಯಮಿಗಳ ಆಟವೆಂಬುದು ರೂಢಿಯ ಭಾವನೆ. ಆದರೂ ನಾನು ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ಆಟಕ್ಕೆ ತೋಳ್ಬಲಕ್ಕಿಂತ ಹೆಚ್ಚಾಗಿ ಬೇಕಾದುದು ಹೊತ್ತು ಮತ್ತು ನೆಲ. ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ತೀರ ಕಡಿಮೆ ಇರುವುದೂ ಇವೆರಡೇ.

ನಮ್ಮ ಹಳೆಯ ಆಟಗಳನ್ನೇ ನೋಡಿ. ಅಳಗುಳಿಮಣೆಗೆ ಹದಿನಾಲ್ಕು ಗುಳಿಗಳು. ನಮ್ಮ ಅಜ್ಜಿಯಂದಿರು ಅದನ್ನು ಮನೆಯೊಳಗೆ ಕುಳಿತು, ಒಲೆಯ ಮೇಲಿನ ಅನ್ನದ ಕಡೆ ಒಂದು ಕಣ್ಣಿಟ್ಟು ಆಡಿದರು. ಅದೇ ಮನೆಯ ಗಂಡುಮಕ್ಕಳು ಬಯಲಿನಲ್ಲಿ ಚಿನ್ನಿದಾಂಡು ಆಡಿದರು. ಬುದ್ಧಿಯಲ್ಲಿ, ಕೈಚಳಕದಲ್ಲಿ ಯಾರೂ ಕಡಿಮೆಯಿರಲಿಲ್ಲ. ಬಯಲು ಮಾತ್ರ ಒಬ್ಬರ ಪಾಲಿಗೆ ಬಂದಿತ್ತು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಗಾಲ್ಫಿನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ 1867ರಲ್ಲಿ ಮಹಿಳೆಯರು ತಮ್ಮದೇ ಕ್ಲಬ್ಬೊಂದನ್ನು ಕಟ್ಟಿಕೊಂಡರು. ಕೋಲನ್ನು ಭುಜಕ್ಕಿಂತ ಮೇಲೆತ್ತಿ ಬೀಸುವುದು ಕುಲೀನ ಹೆಂಗಸಿಗೆ ಒಪ್ಪುವಂಥದಲ್ಲವೆಂದು ಆ ಕಾಲದ ಸಮಾಜ ತಿಳಿದಿತ್ತು. ಹೀಗಾಗಿ ಅವರ ಪಾಲಿಗೆ ಬಂದದ್ದು ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲನೆ ಉರುಳಿಸಿ ಗುಳಿ ಸೇರಿಸುವ ಪಟಿಂಗ್ ಮಾತ್ರ. ಅದೇ ಊರಿನ ರಾಯಲ್ ಅಂಡ್ ಏನ್ಷಿಯೆಂಟ್ ಕ್ಲಬ್ 1754ರಲ್ಲಿ ಹುಟ್ಟಿದ್ದು. ಅದು ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ. ಇನ್ನೂರ ಅರವತ್ತು ವರ್ಷಗಳು ಬೇಕಾದವು!

ನಾವು ಬಂದು ನೆಲೆಸಿರುವ ಈ ನಾಡಿನ ಹೆಣ್ಣುಮಕ್ಕಳ ಸಾಮರ್ಥ್ಯವನ್ನು ಇನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ವಿಶಾಖಪಟ್ಟಣದ ಜ್ಯೋತಿ ಯರ್ರಾಜಿ 100 ಮೀಟರ್ ಹರ್ಡಲ್ಸ್‌ನಲ್ಲಿ 2023ರಲ್ಲೂ 2025ರಲ್ಲೂ ಏಷ್ಯಾದ ಚಾಂಪಿಯನ್ ಆದರು. ವಿಜಯವಾಡದ ವೆನ್ನಂ ಜ್ಯೋತಿ ಸುರೇಖಾ 2023ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಬಿಲ್ಲುವಿದ್ಯೆಯಲ್ಲಿ ಮೂರು ಚಿನ್ನ ಗೆದ್ದರು. 2025ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣದ ಕ್ರಿಕೆಟ್ ಕ್ರೀಡಾಂಗಣದ ಎರಡು ಸ್ಟ್ಯಾಂಡುಗಳಿಗೆ ಮಿಥಾಲಿ ರಾಜ್ ಮತ್ತು ಆಂಧ್ರದ ವಿಕೆಟ್ ಕೀಪರ್ ರಾವಿ ಕಲ್ಪನಾ ಅವರ ಹೆಸರಿಡಲಾಯಿತು. ಅಭ್ಯಾಸಕ್ಕೆ ನೆಲ, ಅಭ್ಯಾಸಕ್ಕೆ ಹೊತ್ತು ದೊರೆತಲ್ಲಿ ಏನಾಗುತ್ತದೆಂಬುದಕ್ಕೆ ಇವರು ನಿದರ್ಶನ.

ನಮ್ಮ ಕನ್ನಡನಾಡಿನಿಂದಲೂ ಒಂದು ನಿದರ್ಶನವಿದೆ. ಬೆಂಗಳೂರಿನಲ್ಲಿ 1998ರಲ್ಲಿ ಜನಿಸಿದ ಅದಿತಿ ಅಶೋಕ್ ಗಾಲ್ಫ್ ಆಡುವ ಮನೆತನದವರಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ, ಐದಾರು ವರ್ಷದ ಮಗುವಿನ ಕುತೂಹಲಕ್ಕೆ ತಂದೆತಾಯಿ ಓಗೊಟ್ಟರು; ತಾವೂ ಜೊತೆಗೆ ಕಲಿತರು. 2016ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಆಕೆ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಚೀಲ ಹೊತ್ತವರು ತಂದೆ. ಅದೇ ವರ್ಷ ಭಾರತದಲ್ಲಿ ನಡೆದ ಮಹಿಳಾ ಓಪನ್ ಗೆದ್ದು, ಲೇಡೀಸ್ ಯೂರೋಪಿಯನ್ ಟೂರಿನ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು. 2021ರಲ್ಲಿ ಟೋಕಿಯೊದಲ್ಲಿ ಚೀಲ ಹೊತ್ತವರು ತಾಯಿ. ಅಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂದಿತು. 2023ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದರು. ಮೈಸೂರಿನ ಪ್ರಣವಿ ಅರಸ್ ಕೂಡ ಯೂರೋಪಿನ ವೃತ್ತಿಪರ ಪಂದ್ಯಗಳವರೆಗೆ ಹೋಗಿದ್ದಾರೆ. ಅದಿತಿಯ ಪ್ರತಿಭೆ ಆಕೆಯದು. ಆದರೆ ಆಕೆಗಾಗಿ ಮನೆಯವರು ತೆರವು ಮಾಡಿಕೊಟ್ಟ ಹೊತ್ತನ್ನು ಯಾವ ಮನೆಯೂ ತೆರವು ಮಾಡಬಹುದು.

ಹದಿನೆಂಟು ಗುಳಿಗಳ ಒಂದು ಸುತ್ತಿಗೆ ನಾಲ್ಕು ಗಂಟೆಗೂ ಮಿಗಿಲಾದ ಸಮಯ ಬೇಕು. ಭಾನುವಾರ ಬೆಳಿಗ್ಗೆ ಮನೆಯ ಯಜಮಾನರು ಅಷ್ಟು ಹೊತ್ತು ಹೊರಗಿದ್ದರೆ ಅದು ವಿಶ್ರಾಂತಿ. ಗೃಹಿಣಿ ಅಷ್ಟು ಹೊತ್ತು ಹೊರಗಿದ್ದರೆ ತಿಂಡಿ ಯಾರು ಮಾಡಿದರು, ಮಕ್ಕಳನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆಗಳು ಏಳುತ್ತವೆ. ದೇವಸ್ಥಾನಕ್ಕೆ, ಮದುವೆಗೆ, ಆಸ್ಪತ್ರೆಗೆ ಹೋದರೆ ಏಳದ ಪ್ರಶ್ನೆ ಆಟಕ್ಕೆ ಹೋದರೆ ಏಕೆ ಏಳಬೇಕು? ತನ್ನ ಸಂತೋಷಕ್ಕೆಂದೇ ಕಳೆಯುವ ಹೊತ್ತು ಹೆಣ್ಣಿನದೂ ಹೌದೆಂದು ಒಪ್ಪಿಕೊಳ್ಳುವುದು, ನನ್ನ ದೃಷ್ಟಿಯಲ್ಲಿ, ಸಣ್ಣ ಸುಧಾರಣೆಯಲ್ಲ.

ಈ ಆಟದ ನಿಯಮದಲ್ಲೇ ಒಂದು ಸಮತೆಯಿದೆ. ಹ್ಯಾಂಡಿಕ್ಯಾಪ್ ಎಂಬ ಲೆಕ್ಕದಂತೆ ಕಡಿಮೆ ಪಳಗಿದವರಿಗೆ ಹೊಡೆತಗಳ ರಿಯಾಯಿತಿ ಸಿಗುತ್ತದೆ. ಮಗನದು ಹತ್ತು, ತಾಯಿಯದು ಇಪ್ಪತ್ತೆಂಟು ಎಂದಾದರೆ, ತಾಯಿಗೆ ಪ್ರತಿ ಗುಳಿಗೆ ಒಂದರಂತೆ ಹದಿನೆಂಟು ಹೊಡೆತಗಳ ಅನುಕೂಲ. ಇಬ್ಬರೂ ನಿಜವಾದ ಪಂದ್ಯವನ್ನೇ ಆಡಬಹುದು. ಅರವತ್ತರ ಹರೆಯದವರೂ ಆರಂಭಿಸಬಹುದಾದ ಆಟವಿದು.

ಇದು ಹಣವಂತರ ಆಟ, ನೀರನ್ನೂ ನೆಲವನ್ನೂ ನುಂಗುವ ಆಟ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಷ್ಟು ವಿಸ್ತಾರವಾದ ಹಸಿರು ಊರಿನ ನಡುವೆ ಇರುವುದಾದರೆ, ಅದು ಕೆಲವೇ ಗಂಡಸರ ಸೊತ್ತಾಗಿ ಉಳಿಯಬೇಕೆಂಬುದು ಆ ಆಕ್ಷೇಪಕ್ಕೆ ಉತ್ತರವಾಗದು. ಅನೇಕ ಕ್ಲಬ್ಬುಗಳಲ್ಲಿ ಮಹಿಳೆ ಒಳಗೆ ಬರುವುದು ಸದಸ್ಯರ ಪತ್ನಿಯಾಗಿ. ಸ್ವಂತ ಹೆಸರಿನ ಸದಸ್ಯತ್ವ, ಸದಸ್ಯರಲ್ಲದವರಿಗೆ ನಿಗದಿತ ದಿನಗಳಲ್ಲಿ ಕಲಿಯುವ ಅವಕಾಶ, ಇವೆರಡನ್ನು ನಾವು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕು.

ನನ್ನ ಸಲಹೆಗಳು ಸರಳವಾದವು. ವಿಶಾಖಪಟ್ಟಣದಲ್ಲಿ ಮುಡಸರ್ಲೋವದ ಬಳಿ ಈಸ್ಟ್ ಪಾಯಿಂಟ್ ಗಾಲ್ಫ್ ಕ್ಲಬ್ಬಿನ ಮೈದಾನವಿದೆ. ತಿಂಗಳಿಗೊಂದು ದಿನ ಹತ್ತು ಹದಿನೈದು ಮಹಿಳೆಯರ ತಂಡಕ್ಕೆ ತರಬೇತಿ ದೊರೆಯಬಹುದೇ ಎಂದು ಸಂಘದ ಹೆಸರಿನಲ್ಲಿ ಪತ್ರ ಬರೆಯೋಣ. ಒಬ್ಬೊಬ್ಬರೇ ಹೋಗಲು ಅಳುಕುವವರು ಗುಂಪಾಗಿ ಹೋದರೆ ಅಳುಕು ಕರಗುತ್ತದೆ. ಪ್ರತಿಯೊಬ್ಬರೂ ಪೂರ್ಣ ಸೆಟ್ಟು ಕೊಳ್ಳಬೇಕಾಗಿಲ್ಲ. ಸಂಘವೇ ಕೆಲವು ಕೋಲುಗಳನ್ನು ಕೊಂಡು ಇಟ್ಟುಕೊಳ್ಳಲಿ. ವಿಜಯವಾಡದ ಸೋದರಿಯರು ಚೆನ್ನಾಗಿ ಕತ್ತರಿಸಿದ ಹುಲ್ಲಿನ ಒಂದು ಅಂಗಳದಲ್ಲಿ ಪಟಿಂಗಿನಿಂದಲೇ ತೊಡಗಬಹುದು. 1867ರಲ್ಲಿ ಯಾವುದು ಹೆಣ್ಣಿಗೆ ಎಳೆದ ಗೆರೆಯಾಗಿತ್ತೋ ಅದೇ ಇಂದು ಬಾಗಿಲಾಗಲಿ. ವರ್ಷಕ್ಕೊಮ್ಮೆ ಬೆಳಗಿನ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ಇಲ್ಲಿಗೆ ಬನ್ನಿ. ಎರಡೂ ಊರುಗಳವರು ಸೇರಿ ಆಡೋಣ.

ಕೊನೆಯದಾಗಿ ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತಿರುವ ಮಹನೀಯರಲ್ಲಿ ಒಂದು ವಿನಂತಿ. ಆ ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಹೊಣೆಯನ್ನು ತಾವು ವಹಿಸಿಕೊಳ್ಳಬೇಕು. ಉಪ್ಪಿಟ್ಟು ಸ್ವಲ್ಪ ಗಂಟಾದರೂ ಚಿಂತೆಯಿಲ್ಲ. ಮೈದಾನದಿಂದ ಹಸಿದು ಬಂದವರು ಅದನ್ನು ಸಂತೋಷದಿಂದಲೇ ತಿಂದಾರು.