ಹಿಂದಿರುಗುವ ದಾರಿ ಇದ್ದವರು, ಇಲ್ಲದವರು



ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವೂಸ್ಟರ್ ಮತ್ತು ಪೀಬಡಿ ಎಂಬ ಎರಡು ಊರುಗಳಿವೆ. ಇಪ್ಪತ್ತನೆಯ ಶತಮಾನ ಆರಂಭವಾದಾಗ ವೂಸ್ಟರಿನ ತಂತಿ ಕಾರ್ಖಾನೆಯಲ್ಲಿ ಅರ್ಮೇನಿಯನ್ ಗಂಡಸರು ದುಡಿಯುತ್ತಿದ್ದರು. ಪೀಬಡಿಯ ಚರ್ಮ ಹದ ಮಾಡುವ ಕಾರ್ಖಾನೆಗಳಲ್ಲಿ ತುರ್ಕರು ಮತ್ತು ಕುರ್ದರು ದುಡಿಯುತ್ತಿದ್ದರು. ಇವರಲ್ಲೂ ಅವರಲ್ಲೂ ಬಹಳ ಮಂದಿ ಒಂದೇ ಸೀಮೆಯವರು. ಆಟೊಮನ್ ಸಾಮ್ರಾಜ್ಯದ ಪೂರ್ವ ಭಾಗದ ಹಾರ್ಪುತ್ ಅವರ ನಾಡು. ಹಡಗು ಹತ್ತಿದ ಕಾರಣವೂ ಒಂದೇ, ಬಡತನ. ಮನಸ್ಸಿನಲ್ಲಿದ್ದ ಲೆಕ್ಕವೂ ಒಂದೇ: ನಾಲ್ಕು ವರ್ಷ ಗೇಯೋಣ, ಕಾಸು ಕೂಡಿಡೋಣ, ಊರಿಗೆ ಹೋಗಿ ಹೊಲ ಕೊಳ್ಳೋಣ. ಆದರೆ 1930ರ ಹೊತ್ತಿಗೆ ನೋಡಿದರೆ ವೂಸ್ಟರಿನ ಅರ್ಮೇನಿಯನ್ನರಿಗೆ ಅಲ್ಲಿಯೇ ಮನೆ, ಅಂಗಡಿ, ಚರ್ಚು ಎಲ್ಲ ಇದ್ದವು. ಪೀಬಡಿಯ ತುರ್ಕರಲ್ಲಿ ಹೆಚ್ಚಿನವರು ಊರಿಗೆ ಮರಳಿದ್ದರು.

ಅರ್ಮೇನಿಯನ್ನರು ಹುಟ್ಟು ವ್ಯಾಪಾರಿಗಳು, ತುರ್ಕರು ಬರೀ ಕೂಲಿಗಳು ಎಂದು ಸಲೀಸಾಗಿ ಹೇಳಿಬಿಡುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ವಲಸೆ ಹೋದ ಈ ಎರಡು ಸಮುದಾಯಗಳ ಆರ್ಥಿಕ ಚರಿತ್ರೆಯನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹೇಗೆ ನಿಲ್ಲುವುದಿಲ್ಲ ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ಅರ್ಮೇನಿಯನ್ನರಿಗೆ ವ್ಯಾಪಾರದ ಹೆಸರು ಬಂದದ್ದು ಸುಮ್ಮನೆ ಅಲ್ಲ. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಪರ್ಷಿಯಾದ ದೊರೆ ಷಾ ಅಬ್ಬಾಸ್ ಆಟೊಮನ್ನರ ಮೇಲೆ ಯುದ್ಧಕ್ಕೆ ಹೋದ. ಅರಾಸ್ ನದಿಯ ದಡದಲ್ಲಿದ್ದ ಜುಲ್ಫಾ ಪಟ್ಟಣದ ಅರ್ಮೇನಿಯನ್ನರನ್ನು ಬಲವಂತವಾಗಿ ಎಬ್ಬಿಸಿಕೊಂಡು ಬಂದು ತನ್ನ ರಾಜಧಾನಿ ಇಸ್ಫಹಾನಿನ ಪಕ್ಕದಲ್ಲಿ ನೆಲೆಗೊಳಿಸಿದ. ಆ ಬಡಾವಣೆಯೇ ಹೊಸ ಜುಲ್ಫಾ. ಪರ್ಷಿಯಾದ ರೇಷ್ಮೆ ವ್ಯಾಪಾರ ಅವರ ಕೈಗೆ ಬಂತು. ಅಲ್ಲಿಂದ ಅವರ ಗುಮಾಸ್ತರು ಒಂದು ಕಡೆ ವೆನಿಸ್, ಆಮ್‌ಸ್ಟರ್‌ಡ್ಯಾಮುಗಳಿಗೆ, ಇನ್ನೊಂದು ಕಡೆ ಸೂರತ್, ಮದರಾಸು, ಕಲ್ಕತ್ತೆಗಳಿಗೆ ಹರಡಿಕೊಂಡರು. ಚೆನ್ನೈನಲ್ಲಿ ಅರ್ಮೇನಿಯನ್ ಬೀದಿ ಇಂದಿಗೂ ಇದೆ, ಅಲ್ಲಿ ಅವರ ಹಳೆಯ ಚರ್ಚೂ ಇದೆ. ಅಡ್ಯಾರ್ ನದಿಗೆ ಸೈದಾಪೇಟೆಯ ಬಳಿ 1726ರಲ್ಲಿ ಸ್ವಂತ ಹಣದಿಂದ ಸೇತುವೆ ಕಟ್ಟಿಸಿದವನು ಪೆತ್ರೂಸ್ ವೋಸ್ಕಾನ್ ಎಂಬ ಅರ್ಮೇನಿಯನ್ ವರ್ತಕ. ಜಗತ್ತಿನ ಮೊಟ್ಟಮೊದಲ ಅರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಹೊರಬಂದದ್ದು 1794ರಲ್ಲಿ, ಅದೂ ಮದರಾಸಿನಿಂದ.

ಆದರೆ ಹಾರ್ಪುತ್‌ನಿಂದ ಅಮೆರಿಕಕ್ಕೆ ಹೋದವರು ಈ ರೇಷ್ಮೆ ಸಾಹುಕಾರರ ವಂಶದವರಲ್ಲ. ಅವರು ರೈತರು, ಕಮ್ಮಾರರು, ನೇಕಾರರು, ಚಮ್ಮಾರರು. ಹಾಗೆ ನೋಡಿದರೆ ನೆರೆಯ ತುರ್ಕಿ ರೈತನಿಗಿಂತ ಅವರಿಗಿದ್ದ ಹೆಚ್ಚಿನ ಅನುಕೂಲವೆಂದರೆ ಶಾಲೆ. ಬಾಸ್ಟನ್ನಿನಿಂದ ಬಂದ ಪ್ರಾಟೆಸ್ಟೆಂಟ್ ಮಿಷನರಿಗಳು ಹಾರ್ಪುತ್‌ನಲ್ಲಿ ಯೂಫ್ರಟಿಸ್ ಕಾಲೇಜನ್ನು ನಡೆಸುತ್ತಿದ್ದರು. ಅರ್ಮೇನಿಯನ್ ಚರ್ಚಿಗೂ ತನ್ನದೇ ಶಾಲೆಗಳಿದ್ದವು. ಅಕ್ಷರ ಬಲ್ಲವರು, ಮ್ಯಾಸಚೂಸೆಟ್ಸ್ ಎಂಬ ಹೆಸರನ್ನು ಕೇಳಿದ್ದವರು ಮೊದಲು ಹೊರಟರು. ವೂಸ್ಟರಿನಲ್ಲಿ 1891ರಲ್ಲೇ ಅಮೆರಿಕದ ಮೊದಲ ಅರ್ಮೇನಿಯನ್ ಚರ್ಚು ಎದ್ದಿತು. ಅವರ ಹಿಂದೆಯೇ ಅದೇ ಹಡಗುಮಾರ್ಗದಲ್ಲಿ ಮುಸ್ಲಿಮರೂ ಹೋದರು.

ಇಬ್ಬರ ದಾರಿಯೂ ಕವಲೊಡೆದದ್ದು ಕಾರ್ಖಾನೆಯಲ್ಲಿ ಅಲ್ಲ, ಬಿಟ್ಟು ಬಂದ ಊರಿನಲ್ಲಿ. 1894ರಿಂದ 1896ರವರೆಗೆ ಸುಲ್ತಾನ ಅಬ್ದುಲ್ ಹಮೀದನ ಆಳ್ವಿಕೆಯಲ್ಲಿ ಅರ್ಮೇನಿಯನ್ನರ ಕಗ್ಗೊಲೆಗಳಾದವು. ದೇಶ ಬಿಡುವ ಅರ್ಮೇನಿಯನ್ನರು ಪೌರತ್ವ ತ್ಯಜಿಸಬೇಕು, ಮತ್ತೆ ಮರಳಬಾರದು ಎಂಬ ಷರತ್ತೂ ಬಂತು. 1915ರಲ್ಲಿ ಗಡೀಪಾರು ಮತ್ತು ಸಾಮೂಹಿಕ ಹತ್ಯೆ ನಡೆಯಿತು. ಇತಿಹಾಸಕಾರರು ಇದನ್ನು ನರಮೇಧವೆಂದು ಗುರುತಿಸುತ್ತಾರೆ; ತುರ್ಕಿ ಸರ್ಕಾರ ಇಂದಿಗೂ ಅದನ್ನು ಒಪ್ಪಿಲ್ಲ. ಹಾರ್ಪುತ್‌ನಲ್ಲಿ ಹೊಲ ಕೊಳ್ಳಬೇಕೆಂದು ದುಡ್ಡು ಕೂಡಿಟ್ಟಿದ್ದ ವೂಸ್ಟರಿನ ಕಾರ್ಮಿಕನಿಗೆ ಈಗ ಹೊಲವೂ ಇಲ್ಲ, ಹಾರ್ಪುತ್ತೂ ಇಲ್ಲ. ಅವನ ಉಳಿತಾಯ ಇದ್ದಲ್ಲೇ ಬಂಡವಾಳವಾಯಿತು. ದಿನಸಿ ಅಂಗಡಿ, ಚಪ್ಪಲಿ ರಿಪೇರಿ, ಬಟ್ಟೆ ಒಗೆಯುವ ಅಂಗಡಿ, ರತ್ನಗಂಬಳಿ ವ್ಯಾಪಾರಗಳಲ್ಲಿ ಅದನ್ನು ತೊಡಗಿಸಿದ. ಬದುಕಿ ಉಳಿದ ಹೆಣ್ಣುಮಕ್ಕಳನ್ನು ಅನಾಥಾಲಯಗಳಿಂದ, ನಿರಾಶ್ರಿತರ ಶಿಬಿರಗಳಿಂದ ಕರೆಸಿ ಮದುವೆಯಾದರು. ಸಂಸಾರ ಬಂತು, ಮಕ್ಕಳು ಶಾಲೆಗೆ ಹೋದರು.

ಪೀಬಡಿಯ ತುರ್ಕಿ ಕಾರ್ಮಿಕನಿಗೆ ಊರು ಇತ್ತು. ಹೆಂಡತಿ ಮಕ್ಕಳು ಅಲ್ಲಿಯೇ ಇದ್ದರು. ಮುಸ್ಲಿಂ ಹೆಂಗಸರನ್ನು ಅಷ್ಟು ದೂರದ ಪರಧರ್ಮೀಯರ ನಾಡಿಗೆ ಕರೆತರುವ ಪದ್ಧತಿ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ಹತ್ತು ಜನ ಸೇರಿ ಇದ್ದರು, ಕಾಫಿ ಅಂಗಡಿಯಲ್ಲಿ ಸಂಜೆ ಕಳೆದರು, ಸಂಬಳವನ್ನು ಊರಿಗೆ ಕಳಿಸಿದರು. 1923ರಲ್ಲಿ ಮುಸ್ತಫಾ ಕೆಮಾಲರ ನಾಯಕತ್ವದಲ್ಲಿ ತುರ್ಕಿ ಗಣರಾಜ್ಯ ಸ್ಥಾಪನೆಯಾದ ಮೇಲೆ ಹೊಸ ದೇಶ ಕಟ್ಟುವ ಹುಮ್ಮಸ್ಸೂ ಸೇರಿ ಬಹುಪಾಲು ಜನ ಹೊರಟುಹೋದರು. ಇದು ಸೋಲಲ್ಲ. ಅವರು ಅಂದುಕೊಂಡು ಬಂದದ್ದನ್ನೇ ಮಾಡಿದರು.

ಅಮೆರಿಕದಲ್ಲೇ ಉಳಿದ ಅರ್ಮೇನಿಯನ್ನರ ಹಾದಿ ಹೂವಿನದೇನೂ ಆಗಿರಲಿಲ್ಲ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸೀಮೆಯಲ್ಲಿ ಅರ್ಮೇನಿಯನ್ನರು ದ್ರಾಕ್ಷಿ ತೋಟ ಮಾಡಿ ಒಣದ್ರಾಕ್ಷಿ ಉದ್ಯಮದಲ್ಲಿ ಹೆಸರು ಮಾಡಿದರು. ಆದರೂ ಅದೇ ಪಟ್ಟಣದ ಒಳ್ಳೆಯ ಬಡಾವಣೆಗಳ ಕ್ರಯಪತ್ರಗಳಲ್ಲಿ ‘ಅರ್ಮೇನಿಯನ್ನರಿಗೆ ಮಾರಕೂಡದು’ ಎಂಬ ಷರತ್ತು ಬರೆದಿರುತ್ತಿತ್ತು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಕಾನೂನಿನ ಇನ್ನೊಂದು ಕಂಟಕವೂ ಇತ್ತು. ಆಗಿನ ಅಮೆರಿಕದಲ್ಲಿ ಪೌರತ್ವ ಕೋರುವವನು ಬಿಳಿಯನಾಗಿರಬೇಕು, ಇಲ್ಲವೇ ಆಫ್ರಿಕಾ ಮೂಲದವನಾಗಿರಬೇಕು. ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಕ್ಯಾಲಿಫೋರ್ನಿಯಾದಲ್ಲಿ ಜಮೀನು ಕೊಳ್ಳುವಂತಿಲ್ಲ ಎಂದು 1913ರ ಕಾಯಿದೆ ಹೇಳಿತು. ಹಾಗಾದರೆ ಅರ್ಮೇನಿಯನ್ನರು ಯಾರು? 1909ರಲ್ಲಿ ಬಾಸ್ಟನ್ನಿನ ನ್ಯಾಯಾಲಯ, 1925ರಲ್ಲಿ ಆರೆಗಾನಿನ ಫೆಡರಲ್ ನ್ಯಾಯಾಲಯ ಅವರನ್ನು ಬಿಳಿಯರೆಂದು ತೀರ್ಮಾನಿಸಿದವು. ಎರಡನೆಯ ಮೊಕದ್ದಮೆಯಲ್ಲಿ ಎದುರುವಾದಿಯಾಗಿದ್ದ ತಾತೋಸ್ ಕಾರ್ತೋಜಿಯನ್ ರತ್ನಗಂಬಳಿ ವ್ಯಾಪಾರಿ. ಅದೇ ಕಾಲದಲ್ಲಿ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯ ಇದೇ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕ್ಯಾಲಿಫೋರ್ನಿಯಾದ ಪಂಜಾಬಿ ರೈತರು ತಮ್ಮ ಹೆಸರಿನಲ್ಲಿ ಜಮೀನು ಹೊಂದುವ ದಾರಿ ಮುಚ್ಚಿತು. ತೀರ್ಪು ಅತ್ತ ಇತ್ತ ಆಗಿದ್ದರೆ ಫ್ರೆಸ್ನೊದ ಒಣದ್ರಾಕ್ಷಿ ಕಥೆಯೂ ಬೇರೆಯಾಗುತ್ತಿತ್ತು.

ಫ್ರಾನ್ಸಿಗೆ ಹೋಗೋಣ. 1920ರ ದಶಕದಲ್ಲಿ ಸಾವಿರಾರು ಅರ್ಮೇನಿಯನ್ ನಿರಾಶ್ರಿತರು ಮಾರ್ಸೇ ಬಂದರಿನಲ್ಲಿ ಇಳಿದರು. ಅವರ ಕೈಯಲ್ಲಿದ್ದದ್ದು ಯಾವ ದೇಶದ್ದೂ ಅಲ್ಲದ, ರಾಷ್ಟ್ರಸಂಘದ ನೆರಳಿನಲ್ಲಿ ಕೊಟ್ಟ ನ್ಯಾನ್ಸೆನ್ ಪಾಸ್‌ಪೋರ್ಟ್. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರನ್ನು ಕಳೆದುಕೊಂಡಿದ್ದ ಫ್ರಾನ್ಸಿಗೆ ಕೈಗಳು ಬೇಕಾಗಿದ್ದವು. ಲಿಯೋನ್ ಹತ್ತಿರದ ದೆಸೀನ್ ಊರಿನ ಕೃತಕ ರೇಷ್ಮೆ ಕಾರ್ಖಾನೆ ಅವರನ್ನು ಸೇರಿಸಿಕೊಂಡಿತು. ಪ್ಯಾರಿಸ್ಸಿನ ಅಂಚಿನ ಊರುಗಳಲ್ಲಿ ಮನೆಯ ಒಳಗೇ ಹೊಲಿಗೆ, ಹೆಣಿಗೆ, ಚಪ್ಪಲಿ ಕೆಲಸ ನಡೆಯಿತು. ಅನಾಥನಾಗಿ ಬಂದು ಸಿತ್ರೋಯೆನ್ ಕಾರ್ಖಾನೆಯಲ್ಲಿ ದುಡಿದ ಮಿಸಾಕ್ ಮನೂಶಿಯನ್ ಮುಂದೆ ನಾಜಿಗಳ ವಿರುದ್ಧ ಹೋರಾಡಿ 1944ರಲ್ಲಿ ಗುಂಡಿಗೆ ಬಲಿಯಾದ. 2024ರಲ್ಲಿ ಅವನ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್ ಸ್ಮಾರಕಕ್ಕೆ ತಂದು ಗೌರವಿಸಿದರು. ಅಂದರೆ ಮೊದಲ ತಲೆಮಾರಿನ ಅರ್ಮೇನಿಯನ್ನರು ಇಲ್ಲಿಯೂ ಅಪ್ಪಟ ಕೂಲಿಕಾರರೇ. ಅಂಗಡಿ, ಕಾರ್ಖಾನೆ, ವೈದ್ಯಕೀಯ, ಸಿನಿಮಾ, ಸಂಗೀತಗಳಿಗೆ ಏರಿದ್ದು ಅವರ ಮಕ್ಕಳು. ಆ ಮಕ್ಕಳು ಫ್ರೆಂಚ್ ಶಾಲೆಯಲ್ಲಿ ಓದಿದರು, ಫ್ರೆಂಚ್ ಪ್ರಜೆಗಳಾಗಿ ಬೆಳೆದರು.

ಈಗ ಜರ್ಮನಿ. 1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಮತ್ತು ತುರ್ಕಿ ಕಾರ್ಮಿಕರ ನೇಮಕದ ಒಪ್ಪಂದ ಮಾಡಿಕೊಂಡವು. ಇಸ್ತಾಂಬುಲ್‌ನಲ್ಲಿ ಜರ್ಮನಿಯ ಕಚೇರಿ ತೆರೆಯಿತು. ಅಲ್ಲಿ ವೈದ್ಯರು ಹಲ್ಲು, ಕಣ್ಣು, ಎದೆ ಎಲ್ಲ ಪರೀಕ್ಷೆ ಮಾಡಿ ಗಟ್ಟಿಮುಟ್ಟಾದವರನ್ನು ಆರಿಸುತ್ತಿದ್ದರು. ಸಿರ್ಕೆಜಿ ನಿಲ್ದಾಣದಿಂದ ರೈಲು ಹೊರಟು ಮ್ಯೂನಿಕ್ಕಿಗೆ ತಲುಪುತ್ತಿತ್ತು. ಅಲ್ಲಿಂದ ರೂರ್ ಸೀಮೆಯ ಕಲ್ಲಿದ್ದಲ ಗಣಿ, ಕಲೋನಿನ ಫೋರ್ಡ್ ಕಾರ್ಖಾನೆ, ಬರ್ಲಿನ್ನಿನ ವಿದ್ಯುತ್ ಉಪಕರಣಗಳ ಕಾರ್ಖಾನೆ. ಅವರನ್ನು ‘ಅತಿಥಿ ಕಾರ್ಮಿಕರು’ ಎಂದೇ ಕರೆದರು. ಮೊದಲ ಒಪ್ಪಂದದಲ್ಲಿ ಎರಡೇ ವರ್ಷದ ಮಿತಿ ಇತ್ತು, ಸಂಸಾರ ತರುವ ಮಾತೇ ಇರಲಿಲ್ಲ. ಕೆಲಸ ಕಲಿತವರನ್ನು ಕಳಿಸಿ ಹೊಸಬರಿಗೆ ಮತ್ತೆ ಕಲಿಸುವುದು ಕಾರ್ಖಾನೆಯವರಿಗೆ ನಷ್ಟ. ಹಾಗಾಗಿ 1964ರಲ್ಲಿ ಆ ಮಿತಿ ಹೋಯಿತು. 1973ರವರೆಗೆ ಎಂಟು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೀಗೆ ಹೋದರು. ಬಹಳಷ್ಟು ಜನ ಮರಳಿಯೂ ಬಂದರು.

ಉಳಿದವರದು ಪೀಬಡಿಯವರದೇ ಲೆಕ್ಕ. ಹಾಸ್ಟೆಲ್ಲಿನಲ್ಲಿ ಬಿಗಿಹಿಡಿದು ಬದುಕಿ ಊರಿನಲ್ಲಿ ಮನೆ ಕಟ್ಟಿಸಿದರು, ಜಮೀನು ಕೊಂಡರು. 1970ರ ದಶಕದ ಆರಂಭದಲ್ಲಿ ತುರ್ಕಿಗೆ ವಿದೇಶಿ ವಿನಿಮಯ ತಂದುಕೊಟ್ಟ ದೊಡ್ಡ ಮೂಲವೇ ಇವರ ಹಣ. ಕಾರ್ಮಿಕರೇ ಷೇರು ಹಾಕಿ ಊರಿನ ಕಡೆ ಕಂಪನಿಗಳನ್ನೂ ಕಟ್ಟಿದರು. ಅವುಗಳಲ್ಲಿ ಹೆಚ್ಚಿನವು ಮುಳುಗಿದವು. ಬಂಡವಾಳ ಅಲ್ಲಿಗೆ ಹರಿಯಿತು, ಮೈಬೆವರು ಇಲ್ಲಿ ಹರಿಯಿತು. 1973ರ ನವೆಂಬರಿನಲ್ಲಿ ತೈಲ ಬಿಕ್ಕಟ್ಟಿನ ನಡುವೆ ಜರ್ಮನಿ ನೇಮಕಾತಿ ನಿಲ್ಲಿಸಿತು. ಜನ ಕಡಿಮೆಯಾಗಲಿ ಎಂದು ಮಾಡಿದ ಈ ಕ್ರಮದಿಂದ ಜನ ಹೆಚ್ಚಾದರು. ಒಮ್ಮೆ ಹೋದರೆ ಮತ್ತೆ ಬರಲಾಗದು ಎಂದು ತಿಳಿದವರು ಹೋಗುವುದನ್ನು ಬಿಟ್ಟು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. 1983ರಲ್ಲಿ ಸರ್ಕಾರ ಮರಳಿ ಹೋಗುವ ಕಾರ್ಮಿಕರಿಗೆ 10,500 ಮಾರ್ಕ್ ಕೊಡುವ ಕಾನೂನು ತಂದಿತು. ಆಗಲೂ ಹೆಚ್ಚಿನವರು ಹೋಗಲಿಲ್ಲ.

ಅಷ್ಟರಲ್ಲಿ ಗಣಿಗಳು, ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದ್ದವು. ಯಾವ ಕೆಲಸಕ್ಕೆಂದು ಕರೆತಂದರೋ ಆ ಕೆಲಸವೇ ಇಲ್ಲವಾಯಿತು. ತುರ್ಕರಲ್ಲಿ ನಿರುದ್ಯೋಗ ದೇಶದ ಸರಾಸರಿಗಿಂತ ಬಹಳ ಮೇಲೆ ಹೋಯಿತು. ಬಹುತೇಕ ಜರ್ಮನ್ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿಯುತ್ತಲೇ, ಹತ್ತು ವರ್ಷದ ಮಗುವಿನ ಮುಂದಿನ ದಾರಿಯನ್ನು ಶಾಲೆ ವಿಂಗಡಿಸುತ್ತದೆ. ಮನೆಯಲ್ಲಿ ಜರ್ಮನ್ ಆಡದ ಕಾರ್ಮಿಕರ ಮಕ್ಕಳು ಕಾಲೇಜಿನ ದಾರಿಗಿಂತ ಕಸುಬಿನ ದಾರಿಗೇ ಬಿದ್ದರು. ಮಿಗಿಲಾಗಿ, ಜರ್ಮನಿಯಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುತ್ತಿರಲಿಲ್ಲ; ಪರದೇಶಿ ತಂದೆತಾಯಿಯ ಮಕ್ಕಳಿಗೆ, ಕೆಲವು ಷರತ್ತುಗಳೊಡನೆ, ಆ ಹಕ್ಕು ಬಂದದ್ದು 2000ನೆಯ ಇಸವಿಯ ಜನವರಿ 1ರಿಂದ. ಕೆಲಸ ಕಳೆದುಕೊಂಡವರು ತರಕಾರಿ ಅಂಗಡಿ, ದೋನರ್ ಕಬಾಬ್ ಅಂಗಡಿ ಇಟ್ಟರು. ಅದು ವ್ಯಾಪಾರದ ಚಟದಿಂದ ಇಟ್ಟ ಅಂಗಡಿಯಲ್ಲ, ಗತಿಯಿಲ್ಲದೆ ಇಟ್ಟದ್ದು. ಇವತ್ತು ದೋನರ್ ಇಲ್ಲದ ಜರ್ಮನ್ ಪೇಟೆಯೇ ಇಲ್ಲ. ಇನ್ನೊಂದು ವಿಷಯವನ್ನೂ ಮರೆಯಬಾರದು: ಆ ರೈಲುಗಳಲ್ಲಿ ತುರ್ಕಿ ಪೌರರಾಗಿದ್ದ ಅರ್ಮೇನಿಯನ್ನರೂ ಜರ್ಮನಿಗೆ ಹೋದರು. ಅವರಿಗೂ ಸಿಕ್ಕಿದ್ದು ಅದೇ ಹಾಸ್ಟೆಲ್ಲು, ಅದೇ ಪಾಳಿ.

ಕೂಲಿಯಲ್ಲೇ ಉಳಿಯುವುದು ತುರ್ಕರ ಸ್ವಭಾವ ಎನ್ನುವವರು ಅಟ್ಲಾಂಟಿಕ್ ದಾಟಿ ನೋಡಬೇಕು. ಎರಡನೆಯ ಮಹಾಯುದ್ಧದ ನಂತರ ತುರ್ಕಿಯಿಂದ ಅಮೆರಿಕಕ್ಕೆ ಹೋದವರಲ್ಲಿ ವೈದ್ಯರು, ಎಂಜಿನಿಯರರು, ಉನ್ನತ ಓದಿಗೆ ಹೋದವರು ಹೆಚ್ಚು. ಅವರ ಸ್ಥಿತಿಗೂ ರೂರ್ ಸೀಮೆಯ ಸೋದರರ ಸ್ಥಿತಿಗೂ ಹೋಲಿಕೆಯೇ ಇಲ್ಲ. ಭಾಷೆ ಒಂದೇ, ಧರ್ಮ ಒಂದೇ. ಆರಿಸಿದ ಜರಡಿ ಬೇರೆ. ಜರ್ಮನಿಯಲ್ಲಿಯೂ ದಾರಿ ತೆರೆದ ಕಡೆ ಏನಾಯಿತು ನೋಡಿ. ಕೊರೋನಾ ಲಸಿಕೆ ತಯಾರಿಸಿದ ಬಯೋಎನ್‌ಟೆಕ್ ಸಂಸ್ಥೆಯ ಉಗುರ್ ಶಾಹಿನ್, ಕಲೋನಿನ ಫೋರ್ಡ್ ಕಾರ್ಖಾನೆಯ ಕಾರ್ಮಿಕನೊಬ್ಬನ ಮಗ.

ಮೊಸರಿನ ಉದಾಹರಣೆಯನ್ನೂ ಹೇಳುತ್ತೇನೆ. 1929ರಲ್ಲಿ ಮ್ಯಾಸಚೂಸೆಟ್ಸಿನ ಆ್ಯಂಡೋವರ್‌ನಲ್ಲಿ ಸರ್ಕಿಸ್ ಮತ್ತು ರೋಸ್ ಕೊಲಂಬೋಸಿಯನ್ ಎಂಬ ಅರ್ಮೇನಿಯನ್ ದಂಪತಿ ಮನೆಯ ಮೊಸರನ್ನು ಮಾರತೊಡಗಿದರು. ಅದು ‘ಕೊಲಂಬೋ’ ಎಂಬ ದೊಡ್ಡ ಹೆಸರಾಯಿತು. ತುರ್ಕಿಯಿಂದ ಬಂದಿದ್ದ ಹಮ್ದಿ ಉಲುಕಾಯಾ 2005ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮುಚ್ಚಿಹೋಗಿದ್ದ ಮೊಸರಿನ ಕಾರ್ಖಾನೆಯೊಂದನ್ನು ಸಾಲ ಮಾಡಿ ಕೊಂಡು ‘ಚೊಬಾನಿ’ ಆರಂಭಿಸಿದರು. ಅವರು ಕುರ್ದ್ ಕುರುಬ ಮನೆತನದವರು. ಒಂದೇ ಬೆಟ್ಟಗಾಡಿನ ತಿನಿಸು, ಒಂದೇ ಸಂತೆ. ಅಮೆರಿಕದ ಸಾಲ ಮತ್ತು ಸಂತೆ ಇಬ್ಬರಿಗೂ ತೆರೆದಿದ್ದವು, ಇಬ್ಬರೂ ಗೆದ್ದರು.

ಇತ್ತ ಅರ್ಮೇನಿಯನ್ನರೆಲ್ಲ ಸುಖವಾಗಿದ್ದಾರೆ ಎನ್ನುವುದೂ ಸುಳ್ಳು. 1980ರ ದಶಕದ ಕೊನೆಯಿಂದ ಸೋವಿಯತ್ ಅರ್ಮೇನಿಯಾದಿಂದ ಲಾಸ್ ಏಂಜಲೀಸಿಗೆ, ಪಕ್ಕದ ಗ್ಲೆಂಡೇಲಿಗೆ ಬಂದವರಲ್ಲಿ ಅನೇಕರು ಡಿಗ್ರಿ ಇದ್ದೂ ಟ್ಯಾಕ್ಸಿ ಓಡಿಸಿದರು, ಸರ್ಕಾರದ ನೆರವಿನಲ್ಲಿ ಮನೆ ನಡೆಸಿದರು. ಅದಕ್ಕಿಂತ ದೊಡ್ಡ ವಿಪರ್ಯಾಸ ಇಸ್ತಾಂಬುಲ್‌ನಲ್ಲಿದೆ. ಅರ್ಮೇನಿಯಾ ಮತ್ತು ತುರ್ಕಿಯ ನಡುವಿನ ಗಡಿ 1993ರಲ್ಲಿ ಮುಚ್ಚಿತು. ಆದರೂ ಬಡ ಅರ್ಮೇನಿಯನ್ ಹೆಂಗಸರು ಜಾರ್ಜಿಯಾ ಸುತ್ತಿ ಬಸ್ಸಿನಲ್ಲಿ ಇಸ್ತಾಂಬುಲ್‌ಗೆ ಬರುತ್ತಾರೆ. ಕುಮ್‌ಕಾಪಿ ಎಂಬ ಹಳೆಯ ಬಡಾವಣೆಯಲ್ಲಿ ಕೋಣೆ ಹಿಡಿದು ತುರ್ಕರ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಾರೆ, ಮುದುಕರ ಆರೈಕೆ ಮಾಡುತ್ತಾರೆ. ಹೆಚ್ಚಿನವರಿಗೆ ಕಾಗದಪತ್ರವಿಲ್ಲ. ದುಡಿದದ್ದನ್ನು ಊರಿಗೆ ಕಳಿಸುತ್ತಾರೆ, ಒಂದು ದಿನ ಮರಳುವ ಲೆಕ್ಕ ಹಾಕುತ್ತಾರೆ. ಇಲ್ಲಿ ಅತಿಥಿ ಕಾರ್ಮಿಕೆ ಅರ್ಮೇನಿಯನ್, ಯಜಮಾನಿ ತುರ್ಕಿ.

ಕೇಳುಗರೇ, ಈ ನೂರು ಚಿಲ್ಲರೆ ವರ್ಷಗಳ ಚರಿತ್ರೆಯಿಂದ ನನಗೆ ಕಾಣುವುದು ಇಷ್ಟು. ವಲಸಿಗನ ಸಂಪತ್ತನ್ನು ನಿರ್ಧರಿಸಿದ್ದು ರಕ್ತವಲ್ಲ. ಹಿಂದೆ ಊರು ಉಳಿದಿತ್ತೇ, ಯಾವ ಕೆಲಸಕ್ಕೆಂದು ಆರಿಸಿ ಕರೆದರು, ಹೆಂಡತಿ ಮಕ್ಕಳನ್ನು ತರಲು ಬಿಟ್ಟರೇ, ಮಗುವಿಗೆ ಪೌರತ್ವ ಸಿಕ್ಕಿತೇ, ಶಾಲೆ ಅದನ್ನು ಎಲ್ಲಿ ಕೂರಿಸಿತು: ಈ ಐದು ಪ್ರಶ್ನೆಗಳ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ‘ಆ ಜನವೇ ಹಾಗೆ’ ಎಂಬ ಮಾತು ಇನ್ನು ಮುಂದೆ ಯಾವ ವಲಸಿಗರ ಬಗ್ಗೆ ಕಿವಿಗೆ ಬಿದ್ದರೂ, ಒಪ್ಪುವ ಮೊದಲು ಈ ಐದನ್ನು ಕೇಳಿ ನೋಡಿ ಎಂಬುದು ನನ್ನ ವಿನಂತಿ.