ಹದಿನಾರು ಸ್ಟಿಕ್ಕು, ಎರಡು ಕೈ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ತಂತ್ರಜ್ಞಾನ ಮತ್ತು ನಾಳಿನ ಯುವಜನತೆ’ ಎಂದು ಅಚ್ಚಾಗಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರಿನ ಬಗ್ಗೆಯೇ ಮಾತಾಡಬೇಕು ಎಂದು ಸಮಿತಿಯವರು ಅಂದುಕೊಂಡಿರಬೇಕು. ನಾನು ತಂದಿರುವ ತಂತ್ರಜ್ಞಾನ ಈ ಮೇಜಿನ ಮೇಲಿದೆ. ಪ್ಲೈವುಡ್ಡು, ಗುದ್ದಲಿ ಕಾವಿನ ತುಂಡು, ಹಳೆಯ ಸೈಕಲ್ ಟ್ಯೂಬು, ಇಷ್ಟೇ. ಹಾಕಿ ಸ್ಟಿಕ್ಕುಗಳನ್ನು ಒಟ್ಟಿಗೆ ಕೈಯಲ್ಲಿ ಹಿಡಿದುಕೊಂಡು ಹೋಗುವ ಸಾಧನ. ನಾನು ‘ಸ್ಟಿಕ್ ಕ್ಯಾರಿಯರ್’ ಎಂದು ಹೆಸರಿಟ್ಟಿದ್ದೆ. ನಮ್ಮ ಎಂಟನೇ ತರಗತಿಯವರು ಅದನ್ನು ‘ಬಾಚಣಿಗೆ’ ಎಂದು ಕರೆದರು. ಈಗ ಅದೇ ಉಳಿದಿದೆ.

ಕೊಡಗಿನಲ್ಲಿ ನಿಂತು ಹಾಕಿಯ ಹಿರಿಮೆ ಹೇಳುವುದು ಬೇಕಾಗಿಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎಸ್.ವಿ. ಸುನಿಲ್ ಇವರ ಹೆಸರುಗಳನ್ನು ನೀವು ಪ್ರತಿ ಕ್ರೀಡಾ ದಿನಾಚರಣೆಯಲ್ಲಿ ಕೇಳುತ್ತೀರಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನಲ್ಲಿ ಆಡಿದ್ದು 360 ಕುಟುಂಬ. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗ ಎಲ್ಲರೂ ಆಡುವ ಪಂದ್ಯಾವಳಿ ಬೇರೆಲ್ಲಿದೆಯೋ ಗೊತ್ತಿಲ್ಲ. ಆದರೆ ಹಬ್ಬಕ್ಕೆ ಹೋಗುವವರು ಜೀಪಿನಲ್ಲಿ ಹೋಗುತ್ತಾರೆ, ಸ್ಟಿಕ್ಕು ಸೀಟಿನ ಹಿಂದೆ ಬಿದ್ದಿರುತ್ತದೆ. ನಾನು ಹೇಳಹೊರಟಿರುವುದು ಜೀಪಿಲ್ಲದವರ ಹಾಕಿಯ ವಿಷಯ.

ನಮ್ಮ ಶಾಲೆಯಲ್ಲಿ ಸ್ಟಿಕ್ಕು ಶಾಲೆಯದು. ಮಕ್ಕಳದ್ದಲ್ಲ. ಈ ಒಂದು ವ್ಯತ್ಯಾಸದಿಂದ ಎಲ್ಲವೂ ಬದಲಾಗುತ್ತದೆ. ಪಟ್ಟಣದ ಕ್ಲಬ್ಬಿನಲ್ಲಿ ಆಡುವ ಹುಡುಗ ತನ್ನ ಸ್ಟಿಕ್ಕನ್ನು ತನ್ನ ಚೀಲದಲ್ಲಿ ಹಾಕಿ ಬೆನ್ನಿಗೆ ಏರಿಸಿಕೊಂಡು ಬರುತ್ತಾನೆ. ಆದ್ದರಿಂದ ಅಂಗಡಿಯಲ್ಲಿ ಸಿಗುವುದೆಲ್ಲ ಒಂದೋ ಎರಡೋ ಸ್ಟಿಕ್ಕು ಹಿಡಿಸುವ ಚೀಲ. ಇಡೀ ತಂಡದ ಸ್ಟಿಕ್ಕು ಹಿಡಿಸುವ ದೊಡ್ಡ ಚೀಲವೂ ಉಂಟು, ಆದರೆ ಅದನ್ನು ಹೊರಲು ದೊಡ್ಡವರು ಬೇಕು. ನಮ್ಮಲ್ಲಿ ಸ್ಟಿಕ್ಕುಗಳು ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿರುತ್ತವೆ. ಒಟ್ಟು ಹದಿನಾರು. ಹನ್ನೊಂದು ಮರದ್ದು, ಐದು ಫೈಬರಿನದ್ದು. ಹೊಸ ಕಟ್ಟಡ ಬಂದಮೇಲೆ ಹಿಂದಿನ ಮೈದಾನ ಅರ್ಧವಾಯಿತು. ಈಗ ಅಭ್ಯಾಸಕ್ಕೆ ಒಂದೂಕಾಲು ಕಿಲೋಮೀಟರ್ ನಡೆದು ಕೆಳಗಿನ ಮೈದಾನಕ್ಕೆ ಹೋಗಬೇಕು.

ಕಳೆದ ವರ್ಷ ಮಹೋತ್ಸವದ ಪೂರ್ವಭಾವಿ ಸಭೆಗೆ ಬಂದಾಗ ನಮ್ಮ ಪಿ.ಟಿ. ಸರ್ ಜೊತೆ ಮಾತಾಡುತ್ತಾ ನಿಂತಿದ್ದೆ. ಬಾಲಕಿಯರ ತಂಡ ಯಾಕೆ ತಾಲ್ಲೂಕು ಮಟ್ಟದಲ್ಲೇ ನಿಂತುಬಿಡುತ್ತದೆ ಎಂದು ಕೇಳಿದೆ. ತರಬೇತಿ, ಶೂ, ಊಟ ಇಂಥದ್ದೇನಾದರೂ ಹೇಳುತ್ತಾರೆ ಎಂದುಕೊಂಡರೆ ಅವರು ಬಸ್ಸಿನ ಸಮಯ ಹೇಳಿದರು. ಶಾಲೆ ಬಿಡುವುದು 4.20ಕ್ಕೆ. ತೋಟದ ಲೈನ್ ಮನೆಗಳ ಕಡೆ ಹೋಗುವ ಕೊನೆಯ ಬಸ್ಸು 5.45ಕ್ಕೆ. ಸ್ಟಿಕ್ಕುಗಳನ್ನು ಎಣಿಸಿ, ಹಗ್ಗದಲ್ಲಿ ಕಟ್ಟಿ, ಹೊತ್ತು, ದಾರಿಯಲ್ಲಿ ನಾಲ್ಕು ಸಲ ಇಳಿಸಿ, ಕೈ ಬದಲಾಯಿಸಿ ಮೈದಾನ ಮುಟ್ಟುವಾಗ 4.55. ವಾಪಸು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಅಂದರೆ 5.15ಕ್ಕೆ ಹೊರಡಬೇಕು. ಆಟಕ್ಕೆ ಉಳಿದದ್ದು ಇಪ್ಪತ್ತು ನಿಮಿಷ.

ಪಟ್ಟಣದ ಹತ್ತಿರದವರು, ಸ್ವಂತ ಸ್ಟಿಕ್ಕಿದ್ದವರು ಕತ್ತಲಾಗುವ ತನಕ ಆಡುತ್ತಾರೆ. ಸ್ವಂತ ಸ್ಟಿಕ್ಕಿಲ್ಲದವರು ಮತ್ತು ಕೊನೆಯ ಬಸ್ಸಿಗೆ ಓಡುವವರು ಹೆಚ್ಚುಕಡಿಮೆ ಒಂದೇ ಮಕ್ಕಳು. ತಂಡದ ಆಯ್ಕೆ ಯಾರ ಆಟ ಚೆನ್ನಾಗಿದೆ ಎಂದು ನೋಡಿಯೇ ನಡೆಯುತ್ತದೆ, ಅದರಲ್ಲಿ ಪಕ್ಷಪಾತ ಇಲ್ಲ. ಆದರೆ ದಿನಕ್ಕೆ ಇಪ್ಪತ್ತು ನಿಮಿಷ ಆಡಿದವಳೂ ಒಂದೂವರೆ ಗಂಟೆ ಆಡಿದವಳೂ ಒಂದೇ ಸಾಲಿನಲ್ಲಿ ನಿಂತರೆ ಆಯ್ಕೆ ಯಾರದು ಎಂದು ಮೊದಲೇ ಹೇಳಬಹುದು. ಇದನ್ನು ಕೇಳಿದ ಮೇಲೆ ನಾನು ಹಗ್ಗದ ಕಟ್ಟನ್ನು ಸರಿಯಾಗಿ ನೋಡಲು ಶುರು ಮಾಡಿದೆ.

ಮಕ್ಕಳೇ, ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದಿದೆಯಲ್ಲ, ಆ ಪಾಠ ನಿಮ್ಮ ಅಂಗೈಯಲ್ಲೇ ಇದೆ. ಹದಿನಾರು ಸ್ಟಿಕ್ಕಿನ ಕಟ್ಟು ಸುಮಾರು ಒಂಬತ್ತು ಕಿಲೋ. ಹಗ್ಗದ ಅಗಲ ನಾಲ್ಕು ಮಿಲಿಮೀಟರ್, ನಿಮ್ಮ ಅಂಗೈಯ ಅಗಲ ಎಂಟು ಸೆಂಟಿಮೀಟರ್ ಇಟ್ಟುಕೊಳ್ಳಿ. ಆ ಇಡೀ ತೂಕ ಮೂರು ಚದರ ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚಿನ ಜಾಗದ ಮೇಲೆ ಕೂರುತ್ತದೆ. ಕೆಂಪು ಗೆರೆ ಬೀಳದೆ ಇನ್ನೇನಾಗುತ್ತದೆ? ಅದೇ ಕಟ್ಟನ್ನು ಎರಡು ಮಾಡಿ, ಮೂರು ಸೆಂಟಿಮೀಟರ್ ಅಗಲದ ಹಿಡಿ ಕೊಟ್ಟರೆ ಕ್ಯಾರಿಯರಿನ ತೂಕ ಸೇರಿಸಿದರೂ ಅಂಗೈಯ ಮೇಲಿನ ಒತ್ತಡ ಹನ್ನೆರಡನೇ ಒಂದು ಭಾಗಕ್ಕೆ ಇಳಿಯುತ್ತದೆ. ಗುದ್ದಲಿ ಕಾವನ್ನು ಆರಿಸಿದ್ದು ಇದಕ್ಕೇ. ದಿನವಿಡೀ ಹಿಡಿದರೂ ಕೈ ನೋಯಬಾರದು ಎಂದು ಜನ ಎಷ್ಟೋ ಕಾಲದಿಂದ ತಿದ್ದಿಕೊಂಡು ಬಂದ ಆಕಾರ ಅದು. ಬಿ.ಇ. ಓದಿದವನು ಅದಕ್ಕಿಂತ ಒಳ್ಳೆಯದನ್ನು ಮಾಡುತ್ತೇನೆ ಎಂದು ಹೊರಡುವುದು ಬೇಡ.

ಮುಂದಿನ ಪ್ರಶ್ನೆ, ಸ್ಟಿಕ್ಕು ನಿಂತಿರಬೇಕೋ ಮಲಗಿರಬೇಕೋ. ಸ್ಟಿಕ್ಕಿನ ತಲೆ ಕೊಕ್ಕೆಯ ಹಾಗಿದೆ, ಒಂದು ಕೋಲಿಗೆ ನೇತುಹಾಕಿದರೆ ಮುಗಿಯಿತು ಎಂದು ಎಲ್ಲರಿಗೂ ಅನಿಸುತ್ತದೆ. ಸ್ಟಿಕ್ಕಿನ ಉದ್ದ ಸುಮಾರು 92 ಸೆಂಟಿಮೀಟರ್. ಎಂಟನೇ ತರಗತಿಯ ಹುಡುಗಿ ಕೈ ಇಳಿಬಿಟ್ಟು ನಿಂತರೆ ಅಂಗೈಗೂ ನೆಲಕ್ಕೂ ಇರುವ ಅಂತರ 60ರ ಆಸುಪಾಸು. ಉಳಿದ ಒಂದಡಿ ಟಾರು ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಹಾಗಾಗಿ ಮಲಗಿಸಲೇಬೇಕು, ಸೂಟ್‌ಕೇಸಿನ ಹಾಗೆ.

ಮಲಗಿಸಿದರೆ ತೂಕದ ತೊಡಕು. ಸ್ಟಿಕ್ಕನ್ನು ಒಂದು ಬೆರಳ ಮೇಲೆ ಸಮ ನಿಲ್ಲಿಸಿ ನೋಡಿ, ಅದು ನಡುವಿನಲ್ಲಿ ನಿಲ್ಲುವುದಿಲ್ಲ. ತಲೆಯ ಕಡೆಯಿಂದ ಐದರಲ್ಲಿ ಎರಡು ಪಾಲು ಬಿಟ್ಟು ನಿಲ್ಲುತ್ತದೆ, ಏಕೆಂದರೆ ತಲೆಯ ಕಡೆ ಭಾರ ಹೆಚ್ಚು. ಎಂಟನ್ನೂ ಒಂದೇ ಕಡೆ ತಲೆ ಮಾಡಿ ಜೋಡಿಸಿದರೆ ಮೂತಿ ನೆಲಕ್ಕೆ ಬಾಗುತ್ತದೆ. ನಾಲ್ಕರ ತಲೆ ಮುಂದಕ್ಕೆ, ನಾಲ್ಕರ ತಲೆ ಹಿಂದಕ್ಕೆ ಇಟ್ಟರೆ ತೂಕ ಹಿಡಿಯ ಕೆಳಗೆ ಸರಿಯಾಗಿ ಬಂದು ಕೂರುತ್ತದೆ.

ಇಲ್ಲಿ ನನಗೆ ಬಹಳ ಖುಷಿ ಕೊಟ್ಟ ಸಂಗತಿ ಒಂದಿದೆ. ಕ್ರಿಕೆಟ್ ಬ್ಯಾಟನ್ನು ಎಡಗೈಯವನೂ ಬಲಗೈಯವನೂ ಹಿಡಿಯಬಹುದು. ನಮ್ಮ ಹಾಕಿಯಲ್ಲಿ ಎಡಗೈ ಸ್ಟಿಕ್ಕೇ ಇಲ್ಲ. ನಿಯಮದ ಪ್ರಕಾರ ಚಪ್ಪಟೆ ಮುಖ ಎಡಭಾಗದಲ್ಲೇ ಇರಬೇಕು. ಅಂದಮೇಲೆ ಜಲಂಧರದಲ್ಲಿ ಮಾಡಿದ್ದಾಗಲಿ ಮೀರತ್ತಿನಲ್ಲಿ ಮಾಡಿದ್ದಾಗಲಿ, ಎಲ್ಲ ಸ್ಟಿಕ್ಕೂ ಒಂದೇ ದಿಕ್ಕಿಗೆ ಬಾಗಿರುತ್ತದೆ. ಚಪ್ಪಟೆ ಮುಖಗಳನ್ನೆಲ್ಲ ಒಂದೇ ಬದಿಗೆ ತಿರುಗಿಸಿ, ಬಲಸಾಲಿನ ತಲೆ ಮುಂದಕ್ಕೆ, ಎಡಸಾಲಿನ ತಲೆ ಹಿಂದಕ್ಕೆ ಇಟ್ಟರೆ ಎರಡೂ ಸಾಲಿನ ಕೊಕ್ಕೆಗಳು ತಾವಾಗಿಯೇ ಹೊರಬದಿಗೆ ಚಾಚುತ್ತವೆ. ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಅಡುಗೆಮನೆಯಲ್ಲಿ ಸೌಟುಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ. ಕಾಲಿನ ಕಡೆ ಚಾಚುವ ಕೊಕ್ಕೆಗಳು ಕಾಲಿನ ಹಿಂದೆ ಬರುವುದರಿಂದ ನಡೆಯುವಾಗ ತಾಗುವುದೂ ಇಲ್ಲ.

ಅಳತೆಗೂ ನಿಯಮವೇ ದಾರಿ ತೋರಿಸಿತು. ಯಾವ ಸ್ಟಿಕ್ಕೇ ಆಗಲಿ 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಿ ಹೋಗಬೇಕು, 737 ಗ್ರಾಂ ಮೀರಬಾರದು ಎಂದು ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮ. ಹಾಗಾಗಿ ಬಾಚಣಿಗೆಯ ಪ್ರತಿ ಖಾನೆಯ ಆಳ 55 ಮಿಲಿಮೀಟರ್. ಎತ್ತರ ನಾಲ್ಕು ಸೆಂಟಿಮೀಟರ್, ಗ್ರಿಪ್ ಸುತ್ತಿದ ಹಿಡಿಕೆ ಕೂರುವಷ್ಟು. ನಾಳೆ ಯಾರಾದರೂ ಯಾವುದೇ ಕಂಪನಿಯ ಸ್ಟಿಕ್ಕು ದಾನ ಕೊಟ್ಟರೂ ಇದರಲ್ಲಿ ಕೂರುತ್ತದೆ. ಎಂಟೂ ಅತಿ ಭಾರದ್ದೇ ಆದರೂ ಒಟ್ಟು ಆರು ಕಿಲೋ ದಾಟುವುದಿಲ್ಲ.

ಕೆಲಸ ಮಾಡಿದ್ದು ನಮ್ಮೂರಿನ ಆಚಾರಿಯವರು. ಹನ್ನೆರಡು ಮಿಲಿಮೀಟರ್ ಪ್ಲೈವುಡ್ಡಿನ ಎರಡು ಬಾಚಣಿಗೆ, ನಡುವೆ 36 ಸೆಂಟಿಮೀಟರ್ ಅಂತರ, ಮೇಲೆ ಕಾವು. ಖಾನೆಗಳನ್ನು ಅಡ್ಡ ನೇರ ಕೊರೆಯದೆ ಒಳಕ್ಕೆ ಸ್ವಲ್ಪ ಇಳಿಜಾರು ಮಾಡಿದರೆ ಸ್ಟಿಕ್ಕು ತಾನಾಗಿ ಒಳಗೆ ಜಾರಿ ಕೂರುತ್ತದೆ ಎಂದವರು ಅವರೇ. ನನ್ನ ಚಿತ್ರದಲ್ಲಿ ಎರಡು ಕಡೆ ಬಕಲ್ ಪಟ್ಟಿ ಇತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ನೋಡಿ, ‘ಅಣ್ಣ, ಮಳೆಯಲ್ಲಿ ಕೈ ಮರಗಟ್ಟಿರುವಾಗ ಇದನ್ನು ಬಿಚ್ಚುವುದು ಯಾರು?’ ಎಂದಳು. ಬಕಲ್ ಹೋಯಿತು, ಸೈಕಲ್ ಟ್ಯೂಬಿನ ಪಟ್ಟಿ ಬಂತು. ಎಳೆದು ಮೊಳೆಗೆ ಸಿಕ್ಕಿಸಿದರೆ ಆಯಿತು.

ಮಳೆಯ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಜೂನ್‌ನಿಂದ ನಮ್ಮಲ್ಲಿ ಒಣಗಿದ್ದು ಎಂಬುದೇ ಇರುವುದಿಲ್ಲ. ಒದ್ದೆ ಸ್ಟಿಕ್ಕುಗಳನ್ನು ಗೋಣಿಯಲ್ಲಿ ತುಂಬಿ ಮೂಲೆಗೆ ಒರಗಿಸಿದರೆ ಮರದ್ದು ಉಬ್ಬುತ್ತದೆ, ಗ್ರಿಪ್ಪಿಗೆ ಬೂಸ್ಟು ಹಿಡಿಯುತ್ತದೆ. ಫೈಬರಿನದ್ದಕ್ಕೆ ನೀರಿನ ಭಯ ಕಡಿಮೆ, ಪೆಟ್ಟಿನ ಭಯ ಹೆಚ್ಚು. ಒಂದರ ಅಂಚು ಇನ್ನೊಂದಕ್ಕೆ ಬಡಿದು ಬಡಿದು ಪದರ ಏಳುತ್ತದೆ. ಬಾಚಣಿಗೆಯನ್ನು ಸ್ಟಿಕ್ಕುಗಳ ಸಮೇತ ಗೋಡೆಯ ಮೊಳೆಗೆ ನೇತುಹಾಕಿದರೆ ನಡುವೆ ಗಾಳಿಯಾಡುತ್ತದೆ.

ಎಣಿಕೆಯ ವಿಷಯವನ್ನು ನಾನು ಮೊದಲು ಯೋಚಿಸಿಯೇ ಇರಲಿಲ್ಲ, ಅದು ಪುಕ್ಕಟೆ ಸಿಕ್ಕ ಲಾಭ. ಸಂಜೆ ಹೊರಡುವಾಗ ಹದಿನಾರು ಖಾನೆಯಲ್ಲಿ ಒಂದು ಖಾಲಿ ಕಂಡರೆ ಒಂದು ಸ್ಟಿಕ್ಕು ಹುಲ್ಲಿನಲ್ಲಿದೆ ಎಂದರ್ಥ. ಹಿಂದೆ ಅದು ಗೊತ್ತಾಗುತ್ತಿದ್ದುದು ಮಾರನೇ ದಿನ ಕೋಣೆಯಲ್ಲಿ. ಆಮೇಲೆ ವಿಚಾರಣೆ, ಅಳು, ಕೊನೆಗೆ ಕಟ್ಟು ಹೊತ್ತ ಚಿಕ್ಕವರ ಮೇಲೆ ಅಪವಾದ. ಕಚೇರಿಯಲ್ಲಿ ಇಂಥ ಲೆಕ್ಕ ತಪ್ಪದಿರಲಿ ಎಂದು ನಾವು ಸಾವಿರಾರು ಸಾಲು ಪ್ರೋಗ್ರಾಮ್ ಬರೆಯುತ್ತೇವೆ. ಇಲ್ಲಿ ಒಂದು ಖಾಲಿ ಜಾಗ ಆ ಕೆಲಸ ಮಾಡುತ್ತದೆ, ಕರೆಂಟು ಹೋದರೂ ಮಾಡುತ್ತದೆ.

ಈಗ ಸಮಯದ ಲೆಕ್ಕ. ಎರಡು ಬಾಚಣಿಗೆ, ಕೈಗೊಂದರಂತೆ ಹಿಡಿದರೆ ದೊಡ್ಡವರಲ್ಲಿ ಒಬ್ಬರಿಗೇ ಸಾಕು. ಚಿಕ್ಕವರಾದರೆ ಇಬ್ಬರು. 4.20ಕ್ಕೆ ಗಂಟೆ ಹೊಡೆದರೆ 4.40ಕ್ಕೆ ಮೈದಾನ. 5.20ಕ್ಕೆ ಹೊರಟರೆ ಸ್ಟಿಕ್ಕು ಕೋಣೆ ಸೇರಿ, ಕೊನೆಯ ಬಸ್ಸೂ ಸಿಗುತ್ತದೆ. ಇಪ್ಪತ್ತು ನಿಮಿಷದ ಆಟ ನಲವತ್ತು ನಿಮಿಷವಾಗಿದೆ. ಇದರಿಂದ ನಮ್ಮ ಹುಡುಗಿಯರು ಜಿಲ್ಲಾ ಮಟ್ಟಕ್ಕೆ ಹೋಗಿಬಿಡುತ್ತಾರೆ ಎಂದು ನಾನು ಹೇಳುವುದಿಲ್ಲ. ಪೊನ್ನಂಪೇಟೆಯಲ್ಲಿ ಟರ್ಫಿನ ಮೇಲೆ ದಿನವೂ ಆಡುವವರ ಎದುರು ಹುಲ್ಲಿನ ಮೈದಾನದ ನಲವತ್ತು ನಿಮಿಷ ದೊಡ್ಡದಲ್ಲ. ಆದರೆ ಇಪ್ಪತ್ತಕ್ಕಿಂತ ಅದು ಎರಡರಷ್ಟು.

ಹಿರಿಯ ಗೆಳೆಯರಲ್ಲಿ ಒಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟುತ್ತಿದ್ದೇವೆ. ನಾನೂ ವಂತಿಗೆ ಕೊಟ್ಟಿದ್ದೇನೆ, ಕಮಾನಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಶಾಲೆಗೆ ಏನು ಬೇಕು ಎಂದು ನಾವು ಕೇಳುವುದು ಸಾಮಾನ್ಯವಾಗಿ ವೇದಿಕೆಯ ಮೇಲೆ ಕೂತವರನ್ನು. ಸ್ಟಿಕ್ಕು ಹೊರುವವರು ಎಂಟನೇ ತರಗತಿಯವರು, ಅವರನ್ನು ಯಾವ ಸಭೆಗೂ ಕರೆಯುವುದಿಲ್ಲ. ಮೈದಾನಕ್ಕೆ ನಡೆದು ಹೋಗಿ ಬನ್ನಿ, ಕುಡಿಯುವ ನೀರಿನ ಕೊಡ ಯಾರು ಹೊರುತ್ತಾರೆ, ಗೋಲ್‌ಕೀಪರಿನ ಪ್ಯಾಡು ಹೇಗೆ ಹೋಗುತ್ತದೆ ಎಂದು ನೋಡಿ. ಪ್ಯಾಡಿಗೆ ಬಾಚಣಿಗೆಯಲ್ಲಿ ಜಾಗವಿಲ್ಲ. ಅದನ್ನು ಇವತ್ತಿಗೂ ಒಬ್ಬಳು ತಲೆಯ ಮೇಲೆ ಹೊತ್ತೇ ಹೋಗುತ್ತಾಳೆ. ಸಭೆಯಲ್ಲಿ ಮೆಕ್ಯಾನಿಕಲ್ ಓದಿದವರು ಯಾರಾದರೂ ಇದ್ದರೆ ಅದು ನಿಮ್ಮ ಪಾಲಿನ ಕೆಲಸ.

ಅಳತೆಯ ಚಿತ್ರವನ್ನು ಪಿ.ಟಿ. ಸರ್ ಹತ್ತಿರ ಕೊಟ್ಟಿದ್ದೇನೆ. ಬೇರೆ ಶಾಲೆಯವರು ಕೇಳಿದರೆ ಜೆರಾಕ್ಸ್ ಮಾಡಿಸಿ ಕೊಡಬಹುದು, ನನ್ನನ್ನು ಕೇಳುವುದು ಬೇಡ. ಹೊರುವ ಸರದಿಯ ಪಟ್ಟಿಯನ್ನು ಮಕ್ಕಳೇ ಕೂತು ಮಾಡಿ ಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ. ಇಷ್ಟು ವರ್ಷ ಚಿಕ್ಕವರೇ ಹೊರುತ್ತಿದ್ದರಲ್ಲ, ಈ ಪಟ್ಟಿಯಲ್ಲಿ ಸೋಮವಾರದ ಹೆಸರು ತಂಡದ ನಾಯಕಿಯದು.