ಹಬ್ಬದ ಬೆಳಿಗ್ಗೆಗೆ ಹೊಲದ ರಾಗಿಯ ದೋಸೆ



ದೋಸೆ ದಿನನಿತ್ಯದ ತಿಂಡಿಯಾದದ್ದು ಈಚೆಗೆ. ಮಳೆಯನ್ನೇ ನಂಬಿದ ಹನೂರು ಸೀಮೆಯಂತಹ ಕಡೆ ಹಿಂದೆ ದೋಸೆಯ ಕಾವಲಿ ಒಲೆಯೇರುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ನೆಂಟರು ಬಂದಾಗ. ಅಕ್ಕಿ ಕೊಂಡು ತರುವ ಪದಾರ್ಥವಾಗಿದ್ದುದೇ ಇದಕ್ಕೆ ಕಾರಣ. ಹಬ್ಬ ಬಂತೆಂದು ಮನೆಯ ರಾಗಿ ಮಾರಿ ದೋಸೆಗೆ ಅಕ್ಕಿ ತರುವುದು ಲಾಭದ ವ್ಯವಹಾರವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಅಕ್ಕಿಯಲ್ಲಿ 10ರ ಆಸುಪಾಸು. ಬೆಳೆಯುವ ಮಕ್ಕಳಿಗೂ ಬಾಣಂತಿಯರಿಗೂ ಬೇಕಾದದ್ದು ಮನೆಯ ವಾಡೆಯಲ್ಲೇ ಇದೆ.

ರಾಗಿ ದೋಸೆ ಕಾವಲಿಗೆ ಅಂಟುತ್ತದೆ, ಹರಿಯುತ್ತದೆ ಎಂಬ ದೂರು ಸುಳ್ಳಲ್ಲ. ರಾಗಿಗೆ ತನ್ನದೇ ಆದ ಜಿಗುಟು ಇಲ್ಲ. ಅದನ್ನು ಕೊಡುವುದು ಉದ್ದು. ಹುಳಿಯುವಾಗ ಏಳುವ ಗಾಳಿಯನ್ನು ಹಿಡಿದಿಡುವುದೂ ಉದ್ದಿನ ಲೋಳೆಯೇ. ಆದ್ದರಿಂದ ಉದ್ದಿನಲ್ಲಿ ಜಿಪುಣತನ ಕೂಡದು. ಮೂರು ಪಾವು ರಾಗಿಗೆ ಒಂದು ಪಾವು ಉದ್ದಿನ ಬೇಳೆ, ಒಂದು ಪಾವು ಅಕ್ಕಿ, ಒಂದು ಚಮಚ ಮೆಂತ್ಯ ಸಾಕು. ಅಕ್ಕಿಯನ್ನು ಪೂರ್ತಿ ಬಿಡಬೇಕೆಂಬ ಹಟ ಬೇಡ. ಗರಿಗರಿಯಾಗಲು ಅಷ್ಟು ಬೇಕು.

ರಾಗಿಯನ್ನು ಮೊದಲು ಚೆನ್ನಾಗಿ ಜಾಲಿಸಬೇಕು. ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸಿದ ರಾಗಿಯಾದರೆ ಮೂರು ನಾಲ್ಕು ಸಲ ಜಾಲಿಸಿದರೂ ಕಲ್ಲು ಉಳಿದೀತು. ಸಗಣಿ ಸಾರಿಸಿದ ಕಣದ ರಾಗಿಯ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ರಾಗಿ, ಅಕ್ಕಿಗಳನ್ನು ನೆನೆಹಾಕಿ, ಉದ್ದು ಮೆಂತ್ಯಗಳನ್ನು ಮಧ್ಯಾಹ್ನ ಬೇರೆಯಾಗಿ ನೆನೆಸಿ. ಸಂಜೆ ಮೊದಲು ಉದ್ದನ್ನು ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಾ ರುಬ್ಬಿ. ಹಿಟ್ಟಿನ ಹನಿ ನೀರಿನಲ್ಲಿ ತೇಲಿದರೆ ಹದ ಬಂತೆಂದು ತಿಳಿಯಬೇಕು. ನಂತರ ರಾಗಿ ಅಕ್ಕಿಗಳನ್ನು ನುಣ್ಣಗೆ ರುಬ್ಬಿ, ಉಪ್ಪು ಸೇರಿಸಿ ಕೈಯಿಂದಲೇ ಕಲಸಿಡಿ. ರುಬ್ಬಲು ಆಗದವರು ಉದ್ದಿನ ಹಿಟ್ಟಿಗೆ ರಾಗಿ ಹಿಟ್ಟನ್ನೇ ಕಲಸಬಹುದು. ರುಚಿ ಒಂದು ಕೈ ಕಡಿಮೆ, ಅಷ್ಟೆ.

ಯುಗಾದಿಯ ಸೆಕೆಯಲ್ಲಿ ಎಂಟು ಗಂಟೆಗೇ ಹುಳಿ ಬರುತ್ತದೆ. ದೀಪಾವಳಿಯ ಚಳಿಗೆ ಹನ್ನೆರಡು ಗಂಟೆಯಾದರೂ ಬೇಕು. ಮಾದಪ್ಪನ ಬೆಟ್ಟದ ಜಾತ್ರೆಗೆ ನಸುಕಿನಲ್ಲೇ ಹೊರಡುವವರಿದ್ದರೆ ಹಿಂದಿನ ದಿನ ಮಧ್ಯಾಹ್ನಕ್ಕೇ ರುಬ್ಬಿ ಮುಗಿಸುವುದು ಕ್ಷೇಮ. ಪಾತ್ರೆಗೆ ಗೋಣಿತಾಟು ಸುತ್ತಿ ಒಲೆಯ ಮಗ್ಗುಲಲ್ಲಿಡಿ. ಹೀಗೆ ಹುಳಿ ಬಂದ ಹಿಟ್ಟಿನಲ್ಲಿ ರಾಗಿಯ ಕಬ್ಬಿಣದ ಅಂಶವೂ ದೇಹಕ್ಕೆ ಹೆಚ್ಚು ದಕ್ಕುತ್ತದೆ.

ಕಾವಲಿ ಚೆನ್ನಾಗಿ ಕಾದ ಮೇಲೆ ನೀರು ಚಿಮುಕಿಸಿ, ಈರುಳ್ಳಿ ಹೋಳಿನಿಂದ ಎಣ್ಣೆ ಸವರಿ, ಉರಿ ತಗ್ಗಿಸಿಯೇ ಹಿಟ್ಟು ಹುಯ್ಯಬೇಕು. ರಾಗಿ ದೋಸೆ ಕೆಂಪಾದದ್ದು ಕಣ್ಣಿಗೆ ಕಾಣುವುದಿಲ್ಲ. ಅಂಚು ತಾನಾಗಿ ಬಿಡುವವರೆಗೆ ಎಬ್ಬಬಾರದು. ಮೊದಲ ದೋಸೆ ಕೆಟ್ಟರೆ ಗಾಬರಿ ಬೇಡ, ಅದು ಅಕ್ಕಿಯದೂ ಕೆಡುತ್ತದೆ.

ಜೊತೆಗೆ ಹುಚ್ಚೆಳ್ಳಿನ ಚಟ್ನಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು, ಅವರೆ ಹಾಕಿದವರಿಗೆ ಇದಕ್ಕೂ ಅಂಗಡಿ ಬೇಡ. ಇಡೀ ಹೊಲಕ್ಕೆ ಮುಸುಕಿನ ಜೋಳವನ್ನೇ ಬಿತ್ತಿದ ಮನೆಯಲ್ಲಿ ಹಬ್ಬದ ಪಟ್ಟಿ ಉದ್ದವಾಗುವುದು ಇಲ್ಲಿಯೇ. ಬರುವ ಮುಂಗಾರಿಗೆ ಬಿತ್ತನೆಯ ಮಾತು ಬಂದಾಗ ಮನೆಯ ಹೆಂಗಸರನ್ನೂ ಕೂರಿಸಿಕೊಂಡು, ಕಾಲು ಎಕರೆಯಾದರೂ ರಾಗಿ ಅಕ್ಕಡಿಗೆ ಬಿಡುವ ವಿಚಾರ ಮಾಡಿ.

ಹಿಟ್ಟು ಉಳಿದು ಮರುದಿನ ಹೆಚ್ಚು ಹುಳಿಯಾದರೆ ಈರುಳ್ಳಿ, ಹಸಿಮೆಣಸಿನಕಾಯಿ, ಹೆಚ್ಚಿದ ನುಗ್ಗೆಸೊಪ್ಪು ಬೆರೆಸಿ ದಪ್ಪಗೆ ಹುಯ್ದು ಮುಚ್ಚಿ ಬೇಯಿಸಿ.